ಕುರ್‌ಆನ್ ಪೆನ್ನು: ತುಮಕೂರಿನ ಒಂದು ಮಕ್ತಬ್‌ನಲ್ಲಿ, ಒಂದು ಮನೆಯಲ್ಲಿ 14 ತಿಂಗಳು

ಕಳೆದ ವರ್ಷ ರಂಜಾನ್ ತಿಂಗಳು ಹತ್ತಿರವಾಗುತ್ತಿದ್ದಾಗ ನಾವು ಐದು ಕುರ್‌ಆನ್ ಪೆನ್ನುಗಳನ್ನು ಕೊಂಡೆವು. ನಾಲ್ಕು ನಮ್ಮ ಬಡಾವಣೆಯ ಮಸೀದಿಯಲ್ಲಿ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುವ ಮಕ್ತಬ್‌ಗೆ, ಒಂದು ನಮ್ಮ ಮನೆಗೆ. ತುಮಕೂರಿನಲ್ಲಿ ವಿಚಾರಿಸಿದ ಎರಡು ಅಂಗಡಿಗಳಲ್ಲಿ ದಾಸ್ತಾನು ಇರಲಿಲ್ಲವಾದ್ದರಿಂದ ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ, ಚಾರ್‌ಮಿನಾರ್ ಮಸೀದಿ ರಸ್ತೆಯ ಸುತ್ತಮುತ್ತ ಅರ್ಧ ದಿನ ಅಲೆದು, ಒಂದಕ್ಕೆ 3,400 ರೂಪಾಯಿ ಹೇಳಿದ್ದನ್ನು ಐದನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೇವೆಂದು 3,100ಕ್ಕೆ ಇಳಿಸಿಕೊಂಡು ತಂದೆವು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆಯ ಸ್ಮಾರ್ಟ್ ಕ್ಲಾಸಿನ ಪರದೆಯೊಂದಿಗೆ ಏಗಿ ಅಭ್ಯಾಸವಿದೆಯೆಂಬ ಕಾರಣಕ್ಕೆ ಮಸೀದಿಯ ಕಮಿಟಿಯವರು ಆಯ್ಕೆಯನ್ನು ನನಗೇ ಬಿಟ್ಟಿದ್ದರು. ಆದ್ದರಿಂದ ಮುಂದೆ ಎಲ್ಲಾದರೂ ಪೆನ್ನಿನ ಮೇಲೆ ಅಸಮಾಧಾನ ಕಂಡುಬಂದರೆ ಅದರಲ್ಲಿ ಅರ್ಧ ಪಾಲು ನನ್ನ ಮೇಲಿನದೇ ಎಂದು ತಿಳಿಯಬೇಕು. ಪೆಟ್ಟಿಗೆಯ ಮೇಲಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಪೆನ್ನುಗಳು ಹಲವು ಹೆಸರುಗಳಲ್ಲಿ ಬರುತ್ತವೆ, ಕೆಲಸ ಮಾಡುವ ರೀತಿ ಮಾತ್ರ ಒಂದೇ.

ಇದು ಬರೆಯುವ ಪೆನ್ನಲ್ಲ. ಗೇಣುದ್ದಕ್ಕಿಂತ ಕಡಿಮೆಯಾದ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಪ್ಲಾಸ್ಟಿಕ್ ಸಾಧನ; ತುದಿಯಲ್ಲಿ ಅವಕೆಂಪು ಬೆಳಕು ಚೆಲ್ಲಿ ನೋಡುವ ಪುಟ್ಟ ಕ್ಯಾಮೆರಾ, ಹೊಟ್ಟೆಯಲ್ಲಿ ಮೆಮೊರಿ, ಬೆನ್ನಿನಲ್ಲಿ ಸ್ಪೀಕರ್. ಜೊತೆಗೆ ಕೊಡುವ ಕುರ್‌ಆನ್ ಪ್ರತಿಯ ಪುಟಗಳ ಮೇಲೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಧೂಳು ಕೂತಂತೆ ಕಾಣುವ ಸಣ್ಣ ಸಣ್ಣ ಚುಕ್ಕಿಗಳ ಜಾಲವನ್ನು ಅಚ್ಚು ಮಾಡಿರುತ್ತಾರೆ. ಯಾವ ಆಯತ್‌ನ (ಕುರ್‌ಆನ್ ವಾಕ್ಯದ) ಮೇಲೆ ತುದಿ ಇಡುತ್ತೇವೋ ಅಲ್ಲಿನ ಚುಕ್ಕಿಗಳ ಜೋಡಣೆಯನ್ನು ಕ್ಯಾಮೆರಾ ಓದುತ್ತದೆ, ಆ ಸಂಕೇತಕ್ಕೆ ಹೊಂದುವ ಧ್ವನಿಯನ್ನು ಮೆಮೊರಿಯಿಂದ ಹೆಕ್ಕಿ ನುಡಿಸುತ್ತದೆ. ಅರಬಿ ಅಕ್ಷರಗಳಿಗೂ ಪೆನ್ನಿಗೂ ಯಾವ ಸಂಬಂಧವೂ ಇಲ್ಲ. ಮನೆಯಲ್ಲಿ ಮೊದಲೇ ಇದ್ದ ಕುರ್‌ಆನ್ ಮೇಲೆ ಅದನ್ನು ಇಟ್ಟರೆ ಅದು ಮೌನವಾಗಿರುತ್ತದೆ. ಕೊಳ್ಳುವ ಮುನ್ನ ಇದೊಂದನ್ನು ತಿಳಿದಿರಬೇಕು, ಏಕೆಂದರೆ ನೀವು ಹಣ ಕೊಡುವುದು ಪೆನ್ನಿಗೆ ಎಷ್ಟೋ ಆ ಪುಸ್ತಕಕ್ಕೂ ಅಷ್ಟೇ, ಮತ್ತು ಪುಸ್ತಕ ಹರಿದುಹೋದರೆ ಪೆನ್ನೂ ಕೆಲಸಕ್ಕೆ ಬಾರದು.

ಕೇಳಿಸುವ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. 114 ಸೂರಾಗಳೂ (ಅಧ್ಯಾಯಗಳೂ) ಇವೆ. ಇಡೀ ಸೂರಾ, ಒಂದೇ ಆಯತ್, ಒಂದೇ ಪದ, ಹೀಗೆ ಬೇಕಾದಷ್ಟನ್ನೇ ನುಡಿಸಬಹುದು, ಒಂದು ಆಯತ್ ಅನ್ನು ಸಾಕೆನ್ನುವ ತನಕ ಮರುಕಳಿಸಬಹುದು. ಹಲವು ಕಾರಿಗಳ, ಅಂದರೆ ಕುರ್‌ಆನ್ ಪಠಿಸುವವರ, ದನಿಗಳಿವೆ. ಅವುಗಳಲ್ಲಿ ಕಲಿಕೆಗೆ ಹೊಂದುವುದು ಈಜಿಪ್ಟಿನ ಮಹ್ಮೂದ್ ಖಲೀಲ್ ಅಲ್-ಹುಸರಿಯವರದು ಎಂಬುದು ನನ್ನ ಅಭಿಪ್ರಾಯ. ಇಡೀ ಕುರ್‌ಆನ್ ಪಠಣ ಮೊಟ್ಟಮೊದಲು ಧ್ವನಿಮುದ್ರಣಗೊಂಡದ್ದು, 1961ರಲ್ಲಿ, ಅವರ ಕಂಠದಲ್ಲೇ. ಅವರು ರಾಗಕ್ಕಾಗಿ ಅಕ್ಷರವನ್ನು ಎಲ್ಲಿಯೂ ಬಿಟ್ಟುಕೊಡುವುದಿಲ್ಲ, ಪ್ರತಿ ಅಕ್ಷರವೂ ತನ್ನ ಜಾಗದಿಂದ ಎದ್ದು ಬಂದು ತನ್ನ ಹೊತ್ತು ನಿಂತು ಹೋಗುತ್ತದೆ. ನಮ್ಮ ಮಕ್ಕಳು ಮಾತ್ರ ಹೊಸ ಕಾಲದ, ಕಿವಿಗೆ ಹೆಚ್ಚು ಇಂಪಾದ ದನಿಗಳನ್ನೇ ಆರಿಸಿಕೊಂಡರು, ಅದರ ಪರಿಣಾಮವನ್ನು ಮುಂದೆ ಹೇಳುತ್ತೇನೆ. ಯಂತ್ರದಿಂದ ಪಠಣ ಕೇಳುವುದೇನೂ ನಮ್ಮ ಓಣಿಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಕೊಲ್ಲಿಯಿಂದ ಬಂದವರು ತಂದ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ತಿರುಗಿ, ಟೇಪು ಸಿಕ್ಕಿಹಾಕಿಕೊಂಡು, ಪೆನ್ಸಿಲ್ ತೂರಿಸಿ ಸುತ್ತಿ ಸರಿಮಾಡಿಕೊಂಡದ್ದು ನೆನಪಿದೆ. ಕ್ಯಾಸೆಟ್ಟಿನಲ್ಲಿ ಬೇಕಾದ ಆಯತ್ ಹುಡುಕುವುದು ಆಗದ ಮಾತಾಗಿತ್ತು. ಅದನ್ನು ಪೆನ್ನು ಬಗೆಹರಿಸಿದೆ.

ಮೊದಲ ತೊಡಕು ಬಂದದ್ದು ಲಿಪಿಯಿಂದ. ನಾನು ತಂದ ಐದೂ ಪ್ರತಿಗಳು ಮದೀನಾದ ಮುಸ್ಹಫ್‌ನ (ಕುರ್‌ಆನ್ ಪ್ರತಿಯ) ಮಾದರಿಯವು: ಖತ್ತಾತ್ (ಲಿಪಿಕಾರ) ಉಸ್ಮಾನ್ ತಾಹಾ ಅವರ ಬರವಣಿಗೆ, 604 ಪುಟ, ಪುಟಕ್ಕೆ 15 ಸಾಲು, ಪ್ರತಿ ಪುಟವೂ ಆಯತ್‌ನ ಕೊನೆಗೇ ಮುಗಿಯುವಂಥದ್ದು. ನೋಡಲು ಬಹಳ ಚೆಂದ. ಆದರೆ ನಮ್ಮ ಮಕ್ಕಳು ಅಕ್ಷರ ಕಲಿಸುವ ನೂರಾನಿ ಖಾಯ್ದಾದಿಂದ ಹಿಡಿದು ಕುರ್‌ಆನ್‌ನ ಕೊನೆಯ ಭಾಗವಾದ ಅಮ್ಮ ಪಾರಾದವರೆಗೆ ಕಲಿಯುವುದು ಹಿಂದುಸ್ತಾನದ ಅಚ್ಚಿನಲ್ಲಿ. ಓದುವ ಪದಗಳು ಎರಡರಲ್ಲೂ ಒಂದೇ ಆದರೂ ಓದಲು ನೆರವಾಗುವ ಚಿಹ್ನೆಗಳು ಬೇರೆ. ಅಕ್ಷರಕ್ಕೆ ಸ್ವರವಿಲ್ಲ ಎಂದು ತೋರಿಸುವ ಗುರುತನ್ನೇ ನೋಡಿ: ನಮ್ಮ ಅಚ್ಚಿನ ಜಜ್ಮ್‌ನ ಆಕಾರ ಒಂದು, ಮದೀನಾ ಅಚ್ಚಿನ ಸುಕೂನ್‌ನ ಆಕಾರ ಇನ್ನೊಂದು. ನಿಲ್ಲಬೇಕಾದ ಮತ್ತು ನಿಲ್ಲಬಾರದ ಕಡೆಗಳನ್ನು ತೋರಿಸುವ ವಖ್ಫ್ ಗುರುತುಗಳ ಪದ್ಧತಿಯೇ ಬೇರೆ. ಉಚ್ಚಾರದಲ್ಲಿ ಕರಗಿಹೋಗುವ ಅಲಿಫ್‌ನ ತಲೆಯ ಮೇಲೆ ಮದೀನಾ ಅಚ್ಚಿನಲ್ಲಿ ಪುಟ್ಟದೊಂದು ಸ್ವಾದ್ ಅಕ್ಷರದ ತಲೆ ಕೂತಿರುತ್ತದೆ, ನಮ್ಮದರಲ್ಲಿ ಅಲಿಫ್ ಬರಿದಾಗಿರುತ್ತದೆ. "ಅಮ್ಮೀ, ಇಲ್ಲಿ ಅಲಿಫ್ ಮೇಲೆ ಮರಿ ಸ್ವಾದ್ ಯಾಕೆ ಕೂತಿದೆ, ಅದನ್ನೂ ಓದಬೇಕಾ?" ಎಂದು ಎಂಟು ವರ್ಷದ ಮಗ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಮಕ್ತಬ್‌ನ ಗುರುಗಳಾದ ಹಜ್ರತ್ ಅವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು.

ದೊಡ್ಡವರಿಗೆ ಇದು ಎರಡು ದಿನದ ತೊಂದರೆ. ಜೇರ್, ಜಬರ್, ಪೇಶ್ ಎಂಬ ಸ್ವರಚಿಹ್ನೆಗಳನ್ನು ಈಗಷ್ಟೇ ಕೂಡಿಸಿ ಓದಲು ಕಲಿಯುತ್ತಿರುವ ಮಗುವಿಗೆ ಮಾತ್ರ ಇದು, ನಮ್ಮೂರಿನ ಒಂದನೇ ತರಗತಿಯ ಮಗುವಿಗೆ ಕನ್ನಡದ ಒತ್ತಕ್ಷರಗಳನ್ನು ಒಂದು ಪುಸ್ತಕದಲ್ಲಿ ಕೆಳಗೆ, ಇನ್ನೊಂದರಲ್ಲಿ ಪಕ್ಕಕ್ಕೆ ಅಚ್ಚುಹಾಕಿ ಕೊಟ್ಟಂತೆ. ಹಿಫ್ಜ್ ಮಾಡುವವರಿಗಂತೂ, ಅಂದರೆ ಕುರ್‌ಆನ್ ಬಾಯಿಪಾಠ ಮಾಡುವವರಿಗಂತೂ, ಪುಟವೇ ನೆನಪಿನ ಮನೆ: ಯಾವ ಆಯತ್ ಎಡಪುಟದ ಮೇಲ್ತುದಿಯಲ್ಲಿದೆ, ಯಾವುದು ಬಲಪುಟದ ಕೊನೆಯ ಸಾಲಿಗಿಂತ ಮೇಲಿದೆ ಎಂಬ ಚಿತ್ರವನ್ನು ಹಿಡಿದೇ ಅವರು ಓದುತ್ತಾ ಹೋಗುತ್ತಾರೆ. ಮಕ್ತಬ್‌ನಲ್ಲಿ ಹಿಫ್ಜ್ ಆರಂಭಿಸಿದ್ದ ಮೂವರು ಹುಡುಗರು ಪೆನ್ನಿನ ಪ್ರತಿಯನ್ನು ಒಂದು ವಾರ ಬಳಸಿ, ನಂತರ ಮುಟ್ಟಲೇ ಇಲ್ಲ. ಹಿಂದುಸ್ತಾನದ ಅಚ್ಚಿನ ಪ್ರತಿಯೊಂದಿಗೆ ಬರುವ ಪೆನ್ನುಗಳೂ ಮಾರುಕಟ್ಟೆಯಲ್ಲಿವೆ. ಪುಸ್ತಕವನ್ನಷ್ಟೇ ಬದಲಿಸಿಕೊಡಿ ಎಂದು ಅಂಗಡಿಗೆ ಮತ್ತೆ ಹೋದಾಗ, ಆ ಪ್ರತಿಯ ಸಂಕೇತಗಳು ಈ ಪೆನ್ನಿಗೆ ತಿಳಿಯುವುದಿಲ್ಲ ಎಂದರು. ಕೊಳ್ಳುವಾಗ ಪುಟ ತೆರೆದು ಅಚ್ಚನ್ನು ನೋಡದೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆಂದು ಕೇಳುತ್ತಾ ನಿಂತದ್ದು ನನ್ನ ತಪ್ಪು.

ಎರಡನೆಯ ತೊಡಕು ಇನ್ನೂ ವಿಚಿತ್ರವಾದದ್ದು. ಮಕ್ತಬ್‌ನಲ್ಲಿ ಹಜ್ರತ್ ಅವರು ಪ್ರತಿ ಮಗುವಿನ ಪುಸ್ತಕದಲ್ಲೂ ಆ ದಿನದ ಸಬಖ್ (ಪಾಠ) ಎಲ್ಲಿಂದ ಎಲ್ಲಿಗೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಹಾಕುತ್ತಾರೆ. ಮಗು ಎಡವಿದ ಪದದ ಕೆಳಗೆ ಒಂದು ಅಡ್ಡಗೆರೆ, ಮರುದಿನವೂ ಎಡವಿದರೆ ಇನ್ನೊಂದು. ಪೆನ್ನಿನ ಪ್ರತಿಗಳಲ್ಲೂ ಹಾಗೆಯೇ ಮಾಡಿದರು. ಎರಡು ತಿಂಗಳಲ್ಲಿ ಪೆನ್ನುಗಳು ಅಲ್ಲಲ್ಲಿ ಮೂಕವಾಗತೊಡಗಿದವು, ಅದೂ ಸರಿಯಾಗಿ ಮಕ್ಕಳು ಎಡವಿದ ಪದಗಳ ಮೇಲೆಯೇ. ಕಮಿಟಿಯವರು ಪೆನ್ನು ಕೆಟ್ಟಿದೆ ಎಂದರು. ವಿಷಯ ಹೊಳೆಯಲು ನನಗೆ ನಾಲ್ಕು ದಿನ ಹಿಡಿಯಿತು: ಪೆನ್ಸಿಲಿನ ಸೀಸ ಎಂದು ನಾವು ಕರೆಯುವುದು ಗ್ರಾಫೈಟ್, ಅಂದರೆ ಇಂಗಾಲ, ಸಂಕೇತದ ಚುಕ್ಕಿಗಳನ್ನು ಅಚ್ಚು ಹಾಕುವುದೂ ಇಂಗಾಲದ ಕಪ್ಪು ಶಾಯಿಯಲ್ಲಿ, ಏಕೆಂದರೆ ಅವಕೆಂಪು ಬೆಳಕನ್ನು ಹೀರುವುದು ಅದೇ. ಕ್ಯಾಮೆರಾದ ಪಾಲಿಗೆ ಪೆನ್ಸಿಲಿನ ಗೆರೆ ಎಂದರೆ ಚುಕ್ಕಿಗಳ ಮೇಲೆ ಬಳಿದ ಮಸಿ. ರಬ್ಬರಿನಲ್ಲಿ ಮೆಲ್ಲಗೆ ಅಳಿಸಿದಾಗ ಬಹಳಷ್ಟು ಪದಗಳಿಗೆ ಮತ್ತೆ ಬಾಯಿ ಬಂತು. ಅಂದಿನಿಂದ ಹಜ್ರತ್ ಅವರು ಕೆಂಪು ಬಾಲ್‌ಪೆನ್ನು ಬಳಸುತ್ತಿದ್ದಾರೆ, ಅದಕ್ಕೆ ಪೆನ್ನಿನ ತಕರಾರಿಲ್ಲ. ಈ ಎಚ್ಚರಿಕೆ ಪೆಟ್ಟಿಗೆಯಲ್ಲಿದ್ದ ಸೂಚನೆಯ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಬೇಕೆನ್ನುವವರಿಗೂ ಒಂದು ಮಾತು: ರಟ್ಟಿಗೆ ಹಾಕಿ, ಪುಟಗಳ ಮೇಲೆ ಬೇಡ, ಹೊಳಪು ಹಾಳೆಯ ಮೇಲೆ ತುದಿ ಕುರುಡಾಗುತ್ತದೆ.

ಇನ್ನು ಮಕ್ತಬ್‌ನ ವಿಚಾರ. ಸಂಜೆ ಐದರಿಂದ ಏಳರವರೆಗೆ ಸುಮಾರು ನಲವತ್ತು ಮಕ್ಕಳು, ಒಬ್ಬರೇ ಹಜ್ರತ್. ಪಾವಗಡದ ಕಡೆಯವರು, ಕನ್ನಡ ಮತ್ತು ದಖನಿ (ನಮ್ಮ ಕಡೆಯ ಆಡುಮಾತಿನ ಉರ್ದು) ಎರಡನ್ನೂ ಸರಾಗವಾಗಿ ಆಡುವವರು. ಹೆಣ್ಣುಮಕ್ಕಳಿಗೆ ಬೆಳಗ್ಗೆ ಅವರ ಪತ್ನಿ, ಆಪಾ ಎಂದು ಎಲ್ಲರೂ ಕರೆಯುವವರು, ಪಕ್ಕದ ಕೋಣೆಯಲ್ಲಿ ಹೇಳಿಕೊಡುತ್ತಾರೆ. ಸಂಜೆ ಆ ಹಾಲಿಗೆ ಹೋದವರಿಗೆ ಮೊದಲು ಅನ್ನಿಸುವುದು ಇಷ್ಟು ಗದ್ದಲದಲ್ಲಿ ಯಾರಿಗೆ ಏನು ಕೇಳುತ್ತದೆ ಎಂದು. ರೆಹಲ್‌ಗಳ (ಪುಸ್ತಕವಿಡುವ ಮಣೆಗಳ) ಮುಂದೆ ಸಾಲಾಗಿ ಕೂತ ನಲವತ್ತು ಮಕ್ಕಳೂ ತಂತಮ್ಮ ಸಬಖ್ ಅನ್ನು ಗಟ್ಟಿಯಾಗಿ, ಮುಂದೆ ಹಿಂದೆ ತೂಗುತ್ತಾ ಓದುತ್ತಿರುತ್ತಾರೆ; ಹಜ್ರತ್ ಅವರ ಎದುರಿಗೆ ಒಬ್ಬ ಹುಡುಗ ಪಾಠ ಒಪ್ಪಿಸುತ್ತಿರುತ್ತಾನೆ, ಅವರು ಅವನ ಕಡೆಗೇ ನೋಡುತ್ತಿರುತ್ತಾರೆ, ಇದ್ದಕ್ಕಿದ್ದಂತೆ ಮೂರನೆಯ ಸಾಲಿನ ಮೂಲೆಯವನನ್ನು ಹೆಸರು ಹಿಡಿದು ಕೂಗಿ "ಎಳೆ, ಅಲ್ಲಿ ನಾಲ್ಕು ಎಳೆ" ಎನ್ನುತ್ತಾರೆ. ಮದ್ದ್, ಅಂದರೆ ಸ್ವರವನ್ನು ಎಳೆದು ಓದಬೇಕಾದ ಜಾಗ, ಬಂದ ಕಡೆ ಅವನು ಎರಡು ಮಾತ್ರೆಯಷ್ಟೇ ಎಳೆದಿರುತ್ತಾನೆ. ಇಪ್ಪತ್ತು ವರ್ಷ ತರಗತಿಯ ಮುಂದೆ ನಿಂತವಳಾದ ನನಗೂ ಈ ಕಿವಿ ಹೇಗೆ ಬರುತ್ತದೆಂದು ಅರ್ಥವಾಗಿಲ್ಲ.

ಆ ಹಾಲಿನಲ್ಲಿ ನಾಲ್ಕು ಪೆನ್ನುಗಳು ಏನು ಮಾಡಿದವು? ಸ್ಪೀಕರಿನ ಸದ್ದು ಗದ್ದಲದಲ್ಲಿ ಮುಳುಗಿತು. ಇಯರ್‌ಫೋನ್ ಕೊಟ್ಟಾಗ ಇನ್ನೊಂದು ತೊಂದರೆ ಕಾಣಿಸಿಕೊಂಡಿತು: ಕಿವಿ ಮುಚ್ಚಿಕೊಂಡ ಮಗುವಿಗೆ ಕಾರಿಯ ದನಿ ಮಾತ್ರ ಕೇಳುತ್ತದೆ, ತನ್ನದು ಕೇಳುವುದಿಲ್ಲ. ಒಂಬತ್ತು ವರ್ಷದ ಹುಡುಗಿಯೊಬ್ಬಳು ರಜೆಯಲ್ಲಿ ಪೆನ್ನನ್ನು ಮನೆಗೆ ಒಯ್ದು ಒಂದು ವಾರ ಸೂರಾ ಇಖ್ಲಾಸ್ ಅಭ್ಯಾಸ ಮಾಡಿ ಬಂದಳು. ಆಪಾ ಅವರ ಮುಂದೆ ಓದಿದಾಗ ಏರಿಳಿತ, ಉಸಿರು ತೆಗೆದುಕೊಳ್ಳುವ ಜಾಗ, ಕೊನೆಯ ತೇಲು, ಎಲ್ಲವೂ ಪೆನ್ನಿನಲ್ಲಿ ಅವಳು ಆರಿಸಿಕೊಂಡ ಹೊಸ ಕಾಲದ ಕಾರಿಯದೇ. ಆದರೆ ಮೊದಲ ಅಕ್ಷರವೇ ತಪ್ಪಿತ್ತು. ಆ ಅಕ್ಷರದ ಹೆಸರು ಬಡಾ ಖಾಫ್, ನಮ್ಮ ದಖನಿಯಲ್ಲಿ ಅದನ್ನು 'ಖ' ಎಂದೇ ಆಡುತ್ತೇವೆ, ವಖ್ತ್, ಖಲಮ್ ಎಂದ ಹಾಗೆ. ಕನ್ನಡ ಶಾಲೆಯ ಮಕ್ಕಳು ಅದನ್ನು ತಿದ್ದಿಕೊಳ್ಳಲು ಹೋದರೆ ನೇರವಾಗಿ 'ಕ'ಕ್ಕೆ ಬಂದು ನಿಲ್ಲುತ್ತಾರೆ. ಅರಬಿಯ ಅಕ್ಷರ ಎರಡೂ ಅಲ್ಲ. ಅದು ನಾಲಗೆಯ ಬುಡ ಕಿರುನಾಲಗೆಯ ಬಳಿ ಮೇಲಂಗುಳಕ್ಕೆ ತಾಗಿ ಹುಟ್ಟುವಂಥದ್ದು. ಅಲ್ಲಿ ಹುಟ್ಟಿದರೆ ಆ ಸೂರಾದ ಮೊದಲ ಪದಕ್ಕೆ 'ಹೇಳು' ಎಂದರ್ಥ, ಸ್ವಲ್ಪ ಮುಂದೆ ಚಿಕ್ಕ ಕಾಫ್ ಆಗಿ ಹುಟ್ಟಿದರೆ ಅದೇ ಪದಕ್ಕೆ 'ತಿನ್ನು' ಎಂದರ್ಥ. ಪೆನ್ನು ಒಂದು ವಾರ ಕಾಲ ನೂರಾರು ಬಾರಿ ಸರಿಯಾದ ಅಕ್ಷರವನ್ನೇ ನುಡಿದಿದೆ, ಹುಡುಗಿ ನೂರಾರು ಬಾರಿ ತಪ್ಪನ್ನೇ ಹೇಳಿದ್ದಾಳೆ, ಇಬ್ಬರ ನಡುವೆ ಏನೂ ನಡೆದಿಲ್ಲ. ಆಪಾ ಅವಳನ್ನು ಹತ್ತಿರ ಕೂರಿಸಿಕೊಂಡು, ತಮ್ಮ ಬಾಯಿ ತೆರೆದು ತೋರಿಸಿ, ಅವಳ ಬಾಯಿಯನ್ನು ನೋಡಿ, ಕಾಲು ಗಂಟೆಯಲ್ಲಿ ಸರಿಮಾಡಿದರು.

ಈ ಪೆನ್ನಿನ ಬಗ್ಗೆ ನನ್ನ ತೀರ್ಮಾನ ಗಟ್ಟಿಯಾದದ್ದು ಅಲ್ಲಿ. ಕನ್ನಡದಲ್ಲಿ ಕೇಳು ಎಂಬ ಒಂದೇ ಮಾತು ಆಲಿಸುವುದಕ್ಕೂ ವಿಚಾರಿಸುವುದಕ್ಕೂ ಸಲ್ಲುತ್ತದೆ. ಪೆನ್ನಿಗೆ ಎರಡೂ ಬಾರದು, ಅದು ಕೇಳಿಸುತ್ತದೆ ಅಷ್ಟೇ. ಕುರ್‌ಆನ್ ಓದುವಿಕೆ ಉಸ್ತಾದರ ಬಾಯಿಂದ ಶಿಷ್ಯನ ಕಿವಿಗೆ, ಶಿಷ್ಯನ ಬಾಯಿಂದ ಮತ್ತೆ ಉಸ್ತಾದರ ಕಿವಿಗೆ ಹೋಗಿ ಬರುತ್ತಾ ತಲೆಮಾರುಗಳನ್ನು ದಾಟಿ ಬಂದಿರುವ ವಿದ್ಯೆ. ಈ ಹೋಗಿಬರುವಿಕೆಯ ಮೊದಲ ಅರ್ಧವನ್ನು ಪೆನ್ನು ಬಹಳ ಚೆನ್ನಾಗಿ ಮಾಡುತ್ತದೆ. ಎರಡನೆಯ ಅರ್ಧ ಅದರ ಕೆಲಸವೇ ಅಲ್ಲ, ಆದರೆ ಪೆಟ್ಟಿಗೆಯ ಮೇಲೆ 'ಉಸ್ತಾದ್ ಇಲ್ಲದೆ ಕಲಿಯಿರಿ' ಎಂದು ಉರ್ದು ಮತ್ತು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದಾರೆ. ಆ ಸಾಲು ಇರದಿದ್ದರೆ ನನ್ನ ಬೇಸರ ಇಷ್ಟಿರುತ್ತಿರಲಿಲ್ಲ.

ಓದುವುದನ್ನು ಆಲಿಸಿ ತಪ್ಪು ತೋರಿಸುವ ಆ್ಯಪ್‌ಗಳು ಈಗ ಬಂದಿವೆಯಲ್ಲ ಎಂದು ಕೇಳಬಹುದು. ಒಂದನ್ನು ಮನೆಯಲ್ಲಿ ಮೂರು ತಿಂಗಳು ಬಳಸಿದ್ದೇವೆ. ಬಾಯಿಪಾಠ ಒಪ್ಪಿಸುವಾಗ ಪದ ಬಿಟ್ಟರೆ, ಒಂದು ಆಯತ್‌ನಿಂದ ಅದನ್ನೇ ಹೋಲುವ ಇನ್ನೊಂದಕ್ಕೆ ಜಾರಿದರೆ ಅದು ಕೂಡಲೇ ಹಿಡಿಯುತ್ತದೆ. ಹಿಫ್ಜ್‌ನ ದೌರ್ (ಪುನರಾವರ್ತನೆ) ಮಾಡುವವರಿಗೆ ಇದು ನಿಜವಾದ ನೆರವು. ಆದರೆ ಸೀನ್, ಸ್ವಾದ್ ಎಂಬ ಎರಡು ಬಗೆಯ 'ಸ'ಗಳನ್ನು ನನ್ನ ಮಗಳು ಬೇಕೆಂದೇ ಅದಲು ಬದಲು ಮಾಡಿ ಓದಿ ನೋಡಿದಳು, ಆ್ಯಪ್ ಹಸಿರು ಗುರುತು ಹಾಕಿಕೊಂಡು ಮುಂದೆ ಹೋಯಿತು. ಮಕ್ಕಳ ದನಿ ಯಾವ ಕಂಪ್ಯೂಟರಿಗೆ ಹೋಗಿ ಸೇರುತ್ತದೆ ಎಂಬ ಪ್ರಶ್ನೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು, ನಮ್ಮ ಆ್ಯಪ್ ಕೇಳಿದ್ದು ಮೈಕ್ ಬಳಸಬಹುದೇ ಎಂದಷ್ಟೇ. ಇನ್ನು ಉಚಿತವಾಗಿ ಸಿಗುವ ಕುರ್‌ಆನ್ ಆ್ಯಪ್‌ಗಳಲ್ಲಿ ಒಂದರ ಬಗ್ಗೆ ಹೇಳಲೇಬೇಕು: ಸೂರಾ ಯಾಸೀನ್‌ನ ಪುಟ ತಿರುಗಿಸುವಾಗ ಅಡ್ಡಲಾಗಿ ರಮ್ಮಿ ಆಟದ ಜಾಹೀರಾತು ಎದ್ದು ನಿಂತಿತು. ವಜೂ ಮಾಡಿ, ಅಂದರೆ ಕೈಕಾಲು ಮುಖ ತೊಳೆದು ಶುದ್ಧರಾಗಿ, ಬಂದು ಕೂತ ಅತ್ತೆಯವರು ಮೊಬೈಲನ್ನು ದೂರ ಸರಿಸಿ, ಒಂದು ಮಾತೂ ಆಡದೆ ಕಪಾಟಿನಿಂದ ತಮ್ಮ ಹಳೆಯ ಕುರ್‌ಆನ್ ತೆಗೆದುಕೊಂಡರು. ಪೆನ್ನಿನಲ್ಲಿ ಜಾಹೀರಾತಿಲ್ಲ, ನೆಟ್ ಬೇಡ, ಓದುವ ಮಧ್ಯೆ ಯಾರ ಕರೆಯೂ ಬರುವುದಿಲ್ಲ. ಇದು ಸಣ್ಣ ಗುಣವಲ್ಲ.

ಮಕ್ತಬ್‌ನಲ್ಲಿ ಪೆನ್ನಿಗಿಂತ ಹೆಚ್ಚು ಉಪಯೋಗಕ್ಕೆ ಬಂದ ಡಿಜಿಟಲ್ ವಸ್ತು ಎಂದರೆ ಗೋಡೆಗೆ ತೂಗುಹಾಕಿದ ಒಂದು ಟಿ.ವಿ. ಅದರಲ್ಲಿ ಹಜ್ರತ್ ಅವರು ತೋರಿಸುವುದು ಬಾಯಿ ಮತ್ತು ಗಂಟಲಿನ ಅಡ್ಡಸೀಳಿದ ಚಿತ್ರಗಳನ್ನು. ಗಂಟಲಿನಲ್ಲಿ ಹುಟ್ಟುವ ಅರಬಿ ಅಕ್ಷರಗಳು ಆರು. ಆಳದಲ್ಲಿ ಎರಡು, ನಡುವೆ ಎರಡು, ಬಾಯಿಗೆ ಹತ್ತಿರ ಎರಡು. ನಡುಗಂಟಲಿನ ಐನ್ ಮತ್ತು ಬಡಾ ಹೇ ನಮ್ಮ ಯಾವ ಮಾತಿನಲ್ಲೂ ಇಲ್ಲದ ಉಚ್ಚಾರಗಳು, ಅವನ್ನು ಮಕ್ಕಳಿಗೆ ಬರಿಯ ಮಾತಿನಲ್ಲಿ ವಿವರಿಸುವುದು ಕಷ್ಟ. ಗಂಟಲು ಅಲ್ಲಿ ಕಿರಿದಾಗುವುದನ್ನು ಚಲಿಸುವ ಚಿತ್ರದಲ್ಲಿ ಕಂಡ ಮೇಲೆ, ಮಕ್ಕಳು ತಮ್ಮ ಕತ್ತಿನ ಮೇಲೆ ಬೆರಳಿಟ್ಟುಕೊಂಡು ಹುಡುಕತೊಡಗಿದರು. ನಾಲಗೆಯ ಅಂಚು ಮೇಲಿನ ದವಡೆ ಹಲ್ಲಿಗೆ ತಾಗುವ ಜ್ವಾದ್, ತುದಿ ಮುಂಬಲ್ಲಿನ ಅಂಚಿಗೆ ಬರುವ ಸೇ, ಇವೆಲ್ಲಕ್ಕೂ ಚಿತ್ರ ನೆರವಾಯಿತು. ನಾನು ಶಾಲೆಯಿಂದ ಧ್ವನಿಪೆಟ್ಟಿಗೆಯ ಮಾದರಿಯನ್ನೂ ಒಂದು ಸಂಜೆ ಒಯ್ದಿದ್ದೆ. ಹಜ್ರತ್ ಅವರು ಅದನ್ನು ಬಿಚ್ಚಿ ಜೋಡಿಸುವುದರಲ್ಲಿ ಮಕ್ಕಳಿಗಿಂತ ಹೆಚ್ಚು ಹೊತ್ತು ಮುಳುಗಿದ್ದರು. ವಜೂ ಮಾಡುವ ಕ್ರಮ, ನಮಾಜಿನ ಭಂಗಿಗಳ ವಿಡಿಯೊಗಳನ್ನೂ ತೋರಿಸುತ್ತಾರೆ, ಆದರೆ ಕೊಳಾಯಿಯ ಮುಂದೆ ನಿಲ್ಲಿಸಿ ಹೇಳಿಕೊಡುವುದಕ್ಕೆ ಅದು ಬದಲಿಯಲ್ಲ, ಅವರೂ ಹಾಗೆ ಅಂದುಕೊಂಡಿಲ್ಲ.

2020ರ ಲಾಕ್‌ಡೌನ್ ಕಾಲದಲ್ಲಿ ಮಕ್ತಬ್ ಮುಚ್ಚಿದ್ದಾಗ ಶುರುವಾದ ವಾಟ್ಸ್‌ಆ್ಯಪ್ ಪದ್ಧತಿ ಇಂದಿಗೂ ನಿಂತಿಲ್ಲ. ಮಗು ಸಬಖ್ ಅನ್ನು ಓದಿ ಧ್ವನಿ ಸಂದೇಶ ಕಳಿಸುತ್ತದೆ, ಹಜ್ರತ್ ರಾತ್ರಿಯ ಇಶಾ ನಮಾಜಿನ ನಂತರ ಕೇಳಿ ತಪ್ಪನ್ನು ಹೇಳಿ ಕಳಿಸುತ್ತಾರೆ. ಕಾಸು ಖರ್ಚಿಲ್ಲದ, ನೋಡಲು ಏನೂ ಇಲ್ಲದ ಈ ಏರ್ಪಾಟು 3,100 ರೂಪಾಯಿಯ ಪೆನ್ನಿಗಿಂತ ಹೆಚ್ಚು ಕಲಿಸಿದೆ, ಏಕೆಂದರೆ ಇದು ಹಜ್ರತ್ ಅವರ ಕಿವಿಯನ್ನೇ ಮನೆಗೆ ತಂದು ಮುಟ್ಟಿಸುತ್ತದೆ. ಅವರ ರಾತ್ರಿಯ ಒಂದು ಗಂಟೆಯನ್ನು ಅದು ನುಂಗುತ್ತದೆ, ಆ ಗಂಟೆಗೆ ಸಂಬಳವಿಲ್ಲ ಎಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು. ಪೆನ್ನಿಗೆ ದುಡ್ಡು ಕೂಡಿಸಿದ ಕಮಿಟಿಗೆ ಇದನ್ನು ನಾನು ಎರಡು ಬಾರಿ ನೆನಪಿಸಿದ್ದೇನೆ.

ಕನ್ನಡದ ಮಾತು. ನಮ್ಮ ಪೆನ್ನಿನಲ್ಲಿ ಉರ್ದು, ಇಂಗ್ಲಿಷ್, ಮಲಯಾಳಂ, ತಮಿಳು ಸೇರಿ ಅನೇಕ ಭಾಷೆಗಳ ಅನುವಾದಗಳಿದ್ದರೂ ಕನ್ನಡವಿಲ್ಲ. ಕುರ್‌ಆನ್‌ನ ಕನ್ನಡ ಅನುವಾದಗಳು ಮಂಗಳೂರಿನಿಂದ ಪ್ರಕಟವಾಗಿ ಅಚ್ಚಿನಲ್ಲಿ ಬಹಳ ಕಾಲದಿಂದ ಸಿಗುತ್ತಿರುವಾಗ ದನಿಯಲ್ಲಿ ಏಕಿಲ್ಲ ಎಂದು ಅಂಗಡಿಯವರನ್ನು ಕೇಳಿದೆ. "ಮೇಡಂ, ಮುಸಲ್ಮಾನರು ಉರ್ದುವಿನಲ್ಲೇ ಕೇಳುತ್ತಾರಲ್ಲ" ಎಂದರು. ತುಮಕೂರಿನ ಕನ್ನಡ ಮಾಧ್ಯಮದ, ಇಂಗ್ಲಿಷ್ ಮಾಧ್ಯಮದ ಮಕ್ಕಳು ಮನೆಯಲ್ಲಿ ದಖನಿ ಆಡಿದರೂ ಕಿತಾಬಿನ ಉರ್ದು ಅವರಿಗೆ ಅರ್ಧ ಅರಬಿಯಷ್ಟೇ ದೂರದ್ದು ಎಂಬುದು ಅವರಿಗೆ ತಿಳಿದಂತಿರಲಿಲ್ಲ. ಇದಕ್ಕೆ ಒಂದು ದಾರಿ ಪೆಟ್ಟಿಗೆಯಲ್ಲೇ ಸಿಕ್ಕಿತು: ನಮ್ಮ ದನಿಯನ್ನು ಮುದ್ರಿಸಿಕೊಳ್ಳಬಹುದಾದ ಅಂಟುಚೀಟಿಗಳ ಒಂದು ಹಾಳೆ. ಚೀಟಿಯ ಮೇಲೆ ತುದಿ ಇಟ್ಟು ಗುಂಡಿ ಒತ್ತಿ ಮಾತಾಡಿದರೆ, ಮುಂದೆ ಆ ಚೀಟಿ ಮುಟ್ಟಿದಾಗಲೆಲ್ಲ ಆ ಮಾತು ಬರುತ್ತದೆ. ಹಜ್ರತ್ ಅವರಿಂದ ದಿನನಿತ್ಯದ ದುವಾಗಳನ್ನೂ (ಪ್ರಾರ್ಥನೆಗಳನ್ನೂ) ಅವುಗಳ ಕನ್ನಡ ಅರ್ಥವನ್ನೂ ಹೇಳಿಸಿ ಮುದ್ರಿಸಿಕೊಂಡೆವು. ಊಟಕ್ಕೆ ಮುಂಚಿನದು ತಟ್ಟೆಗಳ ಸ್ಟ್ಯಾಂಡಿನ ಮೇಲೆ, ಮನೆಯಿಂದ ಹೊರಡುವಾಗಿನದು ಬಾಗಿಲ ಚೌಕಟ್ಟಿಗೆ, ಮಲಗುವಾಗಿನದು ಮಂಚದ ತಲೆದಿಕ್ಕಿಗೆ. ಮಗ ಶಾಲೆಗೆ ಹೊರಡುವಾಗ ಪೆನ್ನು ಹುಡುಕಿಕೊಂಡು ಬಾಗಿಲಿಗೆ ಮುಟ್ಟಿಸುವುದೇ ಒಂದು ಆಟವಾಗಿ, ಮೂರು ವಾರಗಳಲ್ಲಿ ಏಳು ದುವಾಗಳು ಅರ್ಥಸಹಿತ ಅವನ ಬಾಯಿಗೆ ಬಂದವು. ಇಡೀ ಪೆನ್ನಿನಲ್ಲಿ ಮಕ್ಕಳ ಪಾಲಿಗೆ ಅತ್ಯಂತ ಉಪಯುಕ್ತವಾದದ್ದು ತಯಾರಕರು ಕೊನೆಗೆ ಸೇರಿಸಿದಂತೆ ಕಾಣುವ ಈ ಒಂದು ಹಾಳೆ. ಮತ್ತಷ್ಟು ಚೀಟಿ ಬೇಕೆಂದರೆ ಸಿಗುವುದಿಲ್ಲ.

ಬಾಳಿಕೆಯ ಬಗ್ಗೆ ಹೆಚ್ಚು ಬರೆಯುವುದೇನಿಲ್ಲ. ಮನೆಯ ಬಳಕೆಯಲ್ಲಿ ಒಮ್ಮೆ ಚಾರ್ಜ್ ಮಾಡಿದರೆ ಮೂರು ದಿನ ಬರುತ್ತದೆ. ಮಕ್ತಬ್‌ನ ನಾಲ್ಕರಲ್ಲಿ ಒಂದು ಬಿದ್ದು ತುದಿ ಒಡೆಯಿತು, ಇನ್ನೊಂದರ ಚಾರ್ಜಿಂಗ್ ತೂತು ಸಡಿಲವಾಯಿತು. ಒಂದು ವರ್ಷದ ವಾರಂಟಿ ಎಂದಿದ್ದ ಅಂಗಡಿಯವರು ಹತ್ತನೆಯ ತಿಂಗಳಲ್ಲಿ, ವಾರಂಟಿ ಇರುವುದು ಒಳಗಿನ ಯಂತ್ರಕ್ಕೆ, ತೂತಿಗಲ್ಲ ಎಂದರು. ತುಮಕೂರಿನಲ್ಲೇ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಅದನ್ನು 150 ರೂಪಾಯಿಗೆ ಬೆಸೆದುಕೊಟ್ಟ, ಈಗಲೂ ನಡೆಯುತ್ತಿದೆ.

ಈ ಪೆನ್ನಿನಿಂದ ಹೆಚ್ಚು ಪಡೆದವರು ಯಾವ ಮಗುವೂ ಅಲ್ಲ, ನನ್ನ ಅತ್ತೆಯವರು. ಅವರಿಗೆ 67 ವರ್ಷ. ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಶಿರಾದ ತವರಿನಲ್ಲಿ ಬಿಸ್ಮಿಲ್ಲಾಹ್ (ಓದು ಆರಂಭಿಸುವ ಶಾಸ್ತ್ರ) ಆಗಿ, ಓಣಿಯ ಉಸ್ತಾನಿ ಬೀ (ಓದು ಕಲಿಸುವ ಹೆಂಗಸು) ಒಬ್ಬರಲ್ಲಿ ನಾಜ್ರಾ (ಕುರ್‌ಆನ್ ನೋಡಿ ಓದುವುದು) ಮುಗಿಸಿ, ಮದುವೆಯಾಗಿ ಬಂದ ಮೇಲೆ ಯಾರ ಮುಂದೆಯೂ ಗಟ್ಟಿಯಾಗಿ ಓದಿದವರಲ್ಲ. ಮೊಮ್ಮಗಳು ತಜ್ವೀದ್ (ಉಚ್ಚಾರದ ನಿಯಮಗಳು) ಕಲಿತು ಓದುವುದನ್ನು ಕೇಳಿದಾಗ ತಮ್ಮದು ಎಲ್ಲೆಲ್ಲಿ ತಪ್ಪಿದೆ ಎಂದು ಅವರಿಗೆ ಹೊಳೆದಿರಬೇಕು. ಈ ವಯಸ್ಸಿನಲ್ಲಿ ಆಪಾ ಅವರ ಮುಂದೆ ಖಾಯ್ದಾ ಹಿಡಿದು ಕೂರಲು ಸಂಕೋಚ. ಮಕ್ಕಳು ಪೆನ್ನಿನ ಮೇಲಿನ ಆಸೆ ತೀರಿಸಿಕೊಂಡ ಮೇಲೆ ಅದು ಅವರ ಕೋಣೆ ಸೇರಿತು. ಕಣ್ಣು ಮಂಜಾದವರಿಗೆ ದೊಡ್ಡ ಅಚ್ಚು, ಒಂದೇ ಪದವನ್ನು ಇಪ್ಪತ್ತು ಬಾರಿ ಕೇಳಿಸಿಕೊಂಡರೂ ಬೇಸರಿಸದ ದನಿ, ತಪ್ಪಿದಾಗ ನೋಡುವವರು ಯಾರೂ ಇಲ್ಲದ ಏಕಾಂತ. ಬೆಳಗಿನ ಫಜರ್ ನಮಾಜ್ ಆದ ನಂತರ ಹುಸರಿಯವರ ದನಿಯಲ್ಲಿ ಒಂದು ಆಯತ್, ಅದರ ಹಿಂದೆ ಅತ್ತೆಯವರ ನಡುಗುವ ದನಿಯಲ್ಲಿ ಅದೇ ಆಯತ್, ಮತ್ತೆ ಹುಸರಿ. ಕಲಿಯಬೇಕಾದ ಅಕ್ಷರಗಳೆಲ್ಲ ಮೊದಲೇ ಬರುವ, ತಿದ್ದಿಕೊಳ್ಳುವುದಷ್ಟೇ ಉಳಿದಿರುವ, ಕೇಳುವ ಕಿವಿ ಬಲಿತಿರುವ ದೊಡ್ಡವರಿಗೆ ಈ ಪೆನ್ನು ಕೊಟ್ಟ ಬೆಲೆಗೆ ಮೋಸವಿಲ್ಲ. ಪೆಟ್ಟಿಗೆಯ ಮೇಲೆ ಮಾತ್ರ ಟೋಪಿ ಹಾಕಿದ ಹುಡುಗನ ಚಿತ್ರವಿದೆ.

ಎರಡು ತಿಂಗಳ ಹಿಂದೆ ಅತ್ತೆಯವರು ನನ್ನ ಮಗಳನ್ನು ಕರೆದು ಬಾಗಿಲು ಹಾಕಿಸಿಕೊಂಡು, ಸೂರಾ ಫಾತಿಹಾವನ್ನು ಅವಳ ಮೊಬೈಲಿನಲ್ಲಿ ಓದಿ ಆಪಾ ಅವರಿಗೆ ಕಳಿಸಿದರು. ರಾತ್ರಿ ಉತ್ತರ ಬಂತು: ಎಲ್ಲ ಸರಿಯಾಗಿದೆ ಅಮ್ಮಾ, ಮೊದಲ ಆಯತ್‌ನ ಬಡಾ ಹೇ ಮಾತ್ರ ಇನ್ನೂ ಸ್ವಲ್ಪ ಒಳಗಿನಿಂದ ಬರಲಿ. ಅದರ ನಂತರ ಆಪಾ ಅವರೇ ಆ ಪದವನ್ನು ಎರಡು ಸಲ ಹೇಳಿ ತೋರಿಸಿದ್ದರು. ಅತ್ತೆಯವರು ಆ ಸಂದೇಶವನ್ನು ನಾಲ್ಕು ಬಾರಿ ಹಾಕಿಸಿಕೊಂಡು ಕೇಳಿದರು, ಆಮೇಲೆ ಪೆನ್ನನ್ನು ಚಾರ್ಜಿಗೆ ಹಾಕಲು ಹೇಳಿ ಮಲಗಿದರು.